ಬಿಸಿಲಿಗೆ ಗವಸು ಹೊಲಿದ ಆರ್ಡಿಸ್

ಆರ್ಡಿಸ್ ಕ್ವಿಂಬಿ ಕೂತು ಊಟ ಮಾಡಿದ್ದನ್ನು ಕಂಡವರು ನಮ್ಮ ಕ್ಯಾಂಪಿನಲ್ಲಿ ಯಾರೂ ಇರಲಿಲ್ಲ. ಬೇಯಿಸಿದ ಬೀನ್ಸಿನ ಬಟ್ಟಲನ್ನು ಹೊಲಿಗೆ ಯಂತ್ರದ ತಲೆಯ ಮೇಲಿಟ್ಟು, ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ಯಾರದೋ ಗಾಡಿಯ ಮುಂದೆ ಚಾಚುವ ಹರಿದ ಬಿಸಿಲುಮರೆ ಬಟ್ಟೆಯ ಅಂಚು, ತುಟಿಯ ಮೂಲೆಯಲ್ಲಿ ಎರಡು ಗುಂಡುಸೂಜಿ. ಸೂಜಿಯನ್ನು ನಾಲಿಗೆಯಿಂದ ಬದಿಗೆ ಸರಿಸಿ ಚಮಚಕ್ಕೆ ದಾರಿ ಮಾಡಿಕೊಡುವ ವಿದ್ಯೆಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಕಾಣಬೇಕೆಂಬ ಆಸೆಯೂ ಇಲ್ಲ.

ಈ ಅವಸರಕ್ಕೆ ಕಾರಣವಿತ್ತು. ಮಿನ್ನೆಸೋಟಾದ ಒಂದು ನದಿಯೂರಿನಲ್ಲಿ ಡೇರೆ ಹೊಲಿಯುವ ಕಾರ್ಖಾನೆಗೆ ಅವಳು ಸೇರಿದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅಲ್ಲಿ ತುಂಡಿಗೆ ಇಷ್ಟು ಎಂದು ಕೂಲಿ. ಸೀನಿದರೆ ಅರ್ಧ ತುಂಡು ಹೋಯಿತು, ಹರಟಿದರೆ ಒಂದು ತುಂಡು. ಮದುವೆಯನ್ನೂ ಅದೇ ವೇಗದಲ್ಲಿ ಮಾಡಿಕೊಂಡು ಅದೇ ವೇಗದಲ್ಲಿ ಬಿಟ್ಟಳು. "ಹೊಲಿಗೆ ಸರಿ ಬರ್ಲಿಲ್ಲ, ಬಿಚ್ಚಿದೆ" ಎಂಬುದಷ್ಟೇ ಆ ಸಂಸಾರದ ಕತೆ. ಕಾರ್ಖಾನೆ ಮುಚ್ಚಿದಾಗ ಉಳಿದವರು ಪರಿಹಾರಕ್ಕಾಗಿ ಸಾಲು ನಿಂತರೆ ಇವಳು ತಾನು ಕೂರುತ್ತಿದ್ದ ಯಂತ್ರವನ್ನೇ ಕೇಳಿ ಪಡೆದಳು. ಅದರ ಪೆಡಲಿಗೆ ತನ್ನ ಪಾದದ ಅಳತೆ ಗೊತ್ತು ಎಂಬುದು ಅವಳ ವಾದ. ಮೂರು ಪದರ ಕ್ಯಾನ್ವಾಸನ್ನು ಹಪ್ಪಳದಂತೆ ಚುಚ್ಚಿಕೊಂಡು ಹೋಗುವ, ಕರೆಂಟಿನ ಮೋಟಾರಿನಿಂದ ಓಡುವ ಕಬ್ಬಿಣದ ಹೋರಿ ಅದು. ಆಮೇಲೆ ಒಂದು ಬೇಕರಿಯ ಹಳೆಯ ಬ್ರೆಡ್ ವ್ಯಾನ್ ಕೊಂಡಳು. ಯಂತ್ರವನ್ನು ಅದರ ನೆಲಕ್ಕೆ ಬೋಲ್ಟು ಹೊಡೆದು ಕೂರಿಸಿ, ಉಳಿದ ಜಾಗದಲ್ಲಿ ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ತಾನೇ ಕಟ್ಟಿದಳು. ಮನೆ ಯಂತ್ರದ್ದು, ಅವಳು ಬಾಡಿಗೆಗಿದ್ದಾಳೆ ಎಂದೇ ಕಾಣುತ್ತದೆ. ಬಿಸಿಲು ಏರಿದ ದಿನ ವ್ಯಾನಿನ ತಗಡಿನಿಂದ ಈಗಲೂ ಬ್ರೆಡ್ಡಿನ ವಾಸನೆ ಬರುತ್ತದೆ.

ನಾವು ಚಳಿಗಾಲ ಕಳೆಯುವ, ಮರುಭೂಮಿಯ ನಡುವಿನ ಕ್ವಾರ್ಟ್ಸ್‌ಸೈಟ್ ಊರಿನ ಹೆಸರಿನಲ್ಲೇ ಸೈಟ್ ಇದೆ. ಸುತ್ತಲಿನ ಮರಳಿನಲ್ಲಿ ಗಾಡಿಮನೆ ನಿಲ್ಲಿಸಿಕೊಂಡಿರುವ ನಮ್ಮಂಥವರಲ್ಲಿ ಒಬ್ಬರಿಗೂ ಸೈಟ್ ಇಲ್ಲ. ಸರಕಾರದ ಮರಳು, ಸರಕಾರದ ಮುಳ್ಳುಗಿಡ, ನಮ್ಮದೆನ್ನಲು ಚಕ್ರಗಳು ಮಾತ್ರ. ಕಂಬವಿಲ್ಲ, ತಂತಿಯಿಲ್ಲ. ಬಿಸಿಲುಂಟು, ಬಿಲ್ಲಿಲ್ಲ. ಗಾಳಿ ಎದ್ದ ದಿನ ಹತ್ತಾರು ಗಾಡಿಗಳ ಬಿಸಿಲುಮರೆಗಳು ಹರಿಯುತ್ತವೆ, ಮಾರನೆಯ ದಿನ ಆರ್ಡಿಸಳ ಬಾಗಿಲಲ್ಲಿ ಸಾಲು ನಿಲ್ಲುತ್ತದೆ. ಆದರೆ ಮೊದಲ ವರ್ಷಗಳಲ್ಲಿ ಅವಳ ಯಂತ್ರ ನಡೆಯುತ್ತಿದ್ದದ್ದು ಪೆಟ್ರೋಲ್ ಕುಡಿಯುವ ಜನರೇಟರಿನಿಂದ. ಹೊಲಿದು ಗಳಿಸಿದ್ದನ್ನೆಲ್ಲ ಅದೇ ಕುಡಿದು ಮುಗಿಸುತ್ತಿತ್ತು. ಹಾಗಾಗಿ ಎರಡು ಚಳಿಗಾಲ ಅವಳು ಹೊಲಿಗೆ ಬಿಟ್ಟು ಫೀನಿಕ್ಸಿನಾಚೆಯ ಒಂದು ಗೋದಾಮಿಗೆ ಹೋಗಿ, ಕ್ರಿಸ್‌ಮಸ್ಸಿನ ಸಾಮಾನುಗಳನ್ನು ರಟ್ಟಿನ ಡಬ್ಬಕ್ಕೆ ತುಂಬುತ್ತಾ ಸಿಮೆಂಟ್ ನೆಲದ ಮೇಲೆ ನಿಂತಳು. ಅಲ್ಲಿಂದ ಬರುವಾಗ ಅವಳ ಮಂಡಿಗಳು ಅವಳ ಜೊತೆ ಪೂರ್ತಿಯಾಗಿ ಬರಲಿಲ್ಲ.

ಹೋದ ಚಳಿಗಾಲ ಅವಳು ನಾಲ್ಕು ದೊಡ್ಡ ಲಿಥಿಯಂ ಸೆಲ್ಲುಗಳನ್ನು ತರಿಸಿ, ತಾನೇ ಮರದ ಪೆಟ್ಟಿಗೆ ಮಾಡಿ, ಅದರಲ್ಲಿ ಬ್ಯಾಟರಿಯಾಗಿ ಜೋಡಿಸಿ, ಮಾಡಿನ ಮೇಲೆ ಸೌರಫಲಕ, ಒಳಗೆ ಇನ್ವರ್ಟರ್ ಹಾಕಿ ಯಂತ್ರ ಓಡಿಸಿದಳು. ಜನರೇಟರನ್ನು ಪಕ್ಕದ ಗಾಡಿಯ ಬರ್ಲ್ ಟ್ಯಾಕೆಟ್‌ಗೆ ಮಾರಿಬಿಟ್ಟಳು. ಆ ಚಳಿಗಾಲ ಹೊಲಿಗೆಯಿಂದಲೇ ಬದುಕಿದಳು. ಬೇಸಿಗೆಯಲ್ಲಿ ವ್ಯಾನನ್ನು ಊರೊಳಗಿನ ಒಂದು ಬಯಲಿನಲ್ಲಿ ಬಿಟ್ಟು, ಬೆಟ್ಟದ ಮೇಲಿನ ಕ್ಯಾಂಪೊಂದರ ಉಸ್ತುವಾರಿಗೆ ಹೋದಳು. ಅಲ್ಲಿ ಅವಳಿಗೆ ಗುಡಿಸಲು ಕೊಡುತ್ತಾರೆ. ವ್ಯಾನಿಗೆ ಬೆಟ್ಟ ಹತ್ತುವ ಎದೆ ಇಲ್ಲ.

ನವೆಂಬರಿನಲ್ಲಿ ವಾಪಸು ಬಂದು ವ್ಯಾನನ್ನು ನಮ್ಮ ಪಕ್ಕ ನಿಲ್ಲಿಸಿದವಳು ಇಳಿದು ಬಂದಾಗ ಅವಳ ಬಾಯಲ್ಲಿ ಗುಂಡುಸೂಜಿ ಇರಲಿಲ್ಲ. ಆಗಲೇ ನನಗೆ ಏನೋ ಎಡವಟ್ಟಾಗಿದೆ ಅನ್ನಿಸಿತು.

"ಸತ್ತಿದೆ ಹನಿ," ಎಂದಳು. ಇಲ್ಲಿ ಎಲ್ಲರೂ ಎಲ್ಲರನ್ನೂ ಹನಿ ಎನ್ನುತ್ತಾರೆ. ಮಳೆ ಬಾರದ ನಾಡಿನಲ್ಲಿ ಇಷ್ಟಾದರೂ ಹನಿ ಬೀಳಲಿ ಎಂದು ನಾನು ಸುಮ್ಮನಿದ್ದೇನೆ. "ಮೊಬೈಲ್‌ನಲ್ಲಿ ಕಾಣ್ತಾನೇ ಇಲ್ಲ. ಚಾರ್ಜರ್ ಹಾಕಿದ್ರೆ ಬ್ಯಾಟರಿನೇ ಇಲ್ಲ ಅಂತಿದೆ. ಇಷ್ಟು ದೊಡ್ಡ ಪೆಟ್ಟಿಗೆ ಕಣ್ಮುಂದೆ ಕೂತಿದೆ, ಇಲ್ಲ ಅಂತೆ. ಇವತ್ತು ಸೋಮವಾರ ತಾನೆ? ಗೋದಾಮಿನೋರು ಶುಕ್ರವಾರ ಫೋನ್ ಮಾಡ್ತಾರೆ. ಬರ್ತೀನಿ ಅನ್ನಬೇಕೋ ಬರಲ್ಲ ಅನ್ನಬೇಕೋ ಇದೇ ಹೇಳಬೇಕು." ಇದೇ ಎಂದಾಗ ಪೆಟ್ಟಿಗೆಯನ್ನು ಕಾಲಿನಿಂದ ತೋರಿಸಿದಳು. ಹೊಸ ಸೆಲ್ಲು ಕೊಳ್ಳುವ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ಆ ವರ್ಷಕ್ಕೆ ಆಗದ ಮಾತು.

ಅಷ್ಟರಲ್ಲಿ ಬರ್ಲ್ ಬಂದ. ಹೆಸರು ಬರ್ಲ್ ಆದರೂ 'ಬರ್ಲಾ?' ಎಂದು ಕೇಳಿ ಬಂದವನಲ್ಲ. ಹೆಗಲ ಮೇಲೆ ದಪ್ಪ ಕೇಬಲ್ಲು ಜೋತುಬಿದ್ದಿತ್ತು.

"ನಾನು ಬಾಯಿ ಬಡ್ಕೊಂಡೆ. ಸೀಸದ ಬ್ಯಾಟರಿ ಹಾಕ್ಕೋ ಅಂದೆ. ಅದಕ್ಕೆ ನೀರು ಹುಯ್ಯಿ, ಬೈಯಿ, ಎರಡು ಒದಿ, ಎದ್ದು ಕೂರುತ್ತೆ. ಇದು ಶ್ರೀಮಂತರ ಮನೆ ಮಗು. ಮುನಿಸ್ಕೊಂಡ್ರೆ ಮುಗೀತು."

"ನಿನ್ನ ಕೇಳ್ದೋರು ಯಾರು ಬರ್ಲ್?"

"ಯಾರೂ ಕೇಳ್ಲಿಲ್ಲ, ಅದಕ್ಕೇ ಬಂದೆ. ತಗೋ, ನನ್ನ ಟ್ರಕ್ಕಿಂದ ಒಂದು ಒದೆ ಕೊಡೋಣ. ಒಂದ್ನಿಮಿಷದ ಕೆಲಸ."

ಒಂದು ನಿಮಿಷದ ಕೆಲಸ ಎಂದರೆ ಆರ್ಡಿಸಳಿಗೆ ಎಲ್ಲಿಲ್ಲದ ಇಷ್ಟ. ಕೇಬಲ್ಲಿನ ಕ್ಲಿಪ್ಪನ್ನು ಆಗಲೇ ಕೈಗೆ ತೆಗೆದುಕೊಂಡಿದ್ದಳು. ಆಗ ಹಿಂದಿನಿಂದ ಟ್ವೈಲಾ ಮಾತಾಡಿದಳು.

ಟ್ವೈಲಾ ನಮ್ಮ ಸಾಲಿನ ಕೊನೆಯ ಟ್ರೇಲರಿನವಳು. ಹವ್ಯಾಸಿ ರೇಡಿಯೋದವಳು, ಎತ್ತರದ ಆಂಟೆನಾ ಒಂದನ್ನು ನೆಟ್ಟುಕೊಂಡು ಅಲಾಸ್ಕಾದಲ್ಲಿರುವ ಅಪರಿಚಿತರ ಜೊತೆ ಹವಾಮಾನ ಮಾತಾಡುತ್ತಾಳೆ. ಅವಳು 'ನೋಡೋಣ' ಎಂಬ ಒಂದು ಪದ ಹೇಳಿ ಮುಗಿಸುವುದರೊಳಗೆ ಆರ್ಡಿಸ್ ಒಂದು ಜಿಪ್ ಹೊಲಿದಿರುತ್ತಾಳೆ.

"ಆರ್ಡಿಸ್, ಆ ಕ್ಲಿಪ್ ಕೆಳಗಿಡು."

"ಯಾಕೆ? ಹೀಗೇ ಎಬ್ಬಿಸೋದು ಅಂತ ಎಲ್ಲಾರೂ ಹೇಳ್ತಾರೆ."

"ನಿದ್ದೆ ಮಾಡ್ತಿದ್ರೆ ಹೀಗೆ ಎಬ್ಬಿಸ್ಬೋದು. ಇದು ನಿದ್ದೆನೋ ಮೂರ್ಛೆನೋ ಗೊತ್ತಿಲ್ವಲ್ಲ. ಉಪವಾಸ ಬಿದ್ದೋರ ಬಾಯಿಗೆ ಒಂದೇ ಸಲ ಮಾಂಸ ತುರುಕ್ತಾರಾ? ಮೊದಲು ಒಂದು ಚಮಚ ಸೂಪು. ಪೆಟ್ಟಿಗೆ ತೆಗಿ, ಒಂದೊಂದೂ ಸೆಲ್ಲು ಎಷ್ಟಿದೆ ಅಂತ... ನೋಡೋಣ."

ಬ್ಯಾಟರಿ ಚಾರ್ಜ್ ತೆಗೆದುಕೊಳ್ಳುವ ಲಕ್ಷಣ ಕಾಣದಿದ್ದರೂ ಟ್ವೈಲಾ ಚಾರ್ಜ್ ತೆಗೆದುಕೊಂಡಳು. ಪೆಟ್ಟಿಗೆಯನ್ನು ವ್ಯಾನಿನಿಂದ ಹೊರತಂದು, ಗಾಡಿಗಳಿಂದ ದೂರ, ನೆರಳುಬಟ್ಟೆಯ ಕೆಳಗೆ ಮರಳಿನ ಮೇಲೆ ಇಡಿಸಿದಳು. ಪಕ್ಕದಲ್ಲಿ, ಬೆಂಕಿ ಹೊತ್ತಿದರೆ ಸುರಿಯಲು, ಎರಡು ಬಕೆಟ್ ಮರಳು. ಮುಚ್ಚಳ ತೆಗೆದು ಮೀಟರಿನ ತಂತಿಮೊನೆಗಳನ್ನು ಒಂದೊಂದು ಸೆಲ್ಲಿಗೂ ತಾಗಿಸಿದಳು. ಆರೋಗ್ಯವಂತ ಸೆಲ್ಲು ಮೂರು ವೋಲ್ಟಿನ ಮೇಲಿರಬೇಕು. ಮೊದಲ ಮೂರು ಎರಡರ ಆಸುಪಾಸಿನಲ್ಲಿ ಓಲಾಡುತ್ತಿದ್ದವು. ನಾಲ್ಕನೆಯದು ಒಂದೂವರೆಗೂ ಕೆಳಗೆ.

"ಉಬ್ಬಿಲ್ಲ," ಎಂದು ಟ್ವೈಲಾ ಅದರ ಬದಿಗಳನ್ನು ಸವರಿ ನೋಡಿದಳು. "ಉಬ್ಬಿದ್ರೆ ಇವತ್ತೇ ಊರಲ್ಲಿ ಹಳೇ ಬ್ಯಾಟರಿ ತಗೊಳ್ಳೋರಿಗೆ ಕೊಟ್ಟು ಬಾ ಅಂತಿದ್ದೆ. ಈ ಮೂರು ಏಳ್ಬೋದು. ಇದೊಂದು... ಏಳುತ್ತೆ ಅನ್ನೋರೂ ಇದಾರೆ, ಏಳಲ್ಲ ಅನ್ನೋರೂ ಇದಾರೆ. ನಂಗೂ ಗೊತ್ತಿಲ್ಲ."

"ಮೂರೇ ಸಾಕಾಗಲ್ವಾ?"

"ಮೂರು ಕಾಲಿನ ಮಂಚದ ಮೇಲೆ ಮಲಗ್ತೀಯಾ? ನಾಲ್ಕೂ ಬೇಕು."

ಹೀಗಾದದ್ದು ಹೇಗೆಂದು ಆಮೇಲೆ ತಿಳಿಯಿತು. ಲಿಥಿಯಂ ಪೆಟ್ಟಿಗೆಯೊಳಗೆ ಒಂದು ಕಾವಲು ಬೋರ್ಡು ಇರುತ್ತದೆ. ಒಳಗಿನ ಕರೆಂಟು ತೀರಾ ಇಳಿದರೆ ಅದು ಬಾಗಿಲು ಹಾಕಿಕೊಳ್ಳುತ್ತದೆ. ಹೊರಗಿನಿಂದ ನೋಡಿದವರಿಗೆ ಮನೆಯೇ ಖಾಲಿ. ತಮಾಷೆಯೆಂದರೆ, ಬಾಗಿಲು ಹಾಕಿಕೊಂಡ ಕಾವಲುಗಾರನೂ ಹೊಟ್ಟೆಗೆ ಏನಾದರೂ ತಿನ್ನಬೇಕಲ್ಲ. ಒಳಗೆ ಉಳಿದ ಅಕ್ಕಿಯನ್ನೇ ದಿನಕ್ಕಿಷ್ಟು ಕಾಳು ಎಂದು ತಿನ್ನುತ್ತಾ ಬೇಸಿಗೆ ಕಳೆದಿದ್ದಾನೆ.

"ಆದ್ರೆ ಅಲ್ಲಿವರೆಗೆ ಇಳಿದಿದ್ದು ಯಾಕೆ ಅಂತ," ಎಂದಳು ಟ್ವೈಲಾ. "ಬೇಸಿಗೆ ಪೂರ್ತಿ ಗಾಡಿ ಬಟಾಬಯಲಲ್ಲಿ ನಿಂತಿತ್ತು. ಮೇಲೆ ಫಲಕ ಇದೆ. ತುಂಬಿ ತುಳುಕಬೇಕಿತ್ತಲ್ಲ. ಹೋಗುವಾಗ ಇನ್ವರ್ಟರ್ ಆರಿಸಿದ್ಯಾ?"

"ಯಂತ್ರ ಆರಿಸಿದೆ."

"ಇನ್ವರ್ಟರ್?"

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಹೋಂವರ್ಕ್ ಕೇಳಿದಾಗ ನಾವೆಲ್ಲ ಕಿಟಕಿಯಾಚೆಯ ಹುಣಸೆಮರವನ್ನು ಅಧ್ಯಯನ ಮಾಡುತ್ತಿದ್ದೆವು. ಆರ್ಡಿಸ್ ಹಾಗೆ ದೂರದ ಗುಡ್ಡವನ್ನು ನೋಡಿದಳು.

"ಅದೊಂದೇ ಆದ್ರೆ ಬಿಸಿಲು ಸುಧಾರಿಸ್ಕೊಂಡು ಹೋಗ್ತಿತ್ತು," ಎಂದು ಟ್ವೈಲಾ ತಲೆ ಕೆರೆದುಕೊಂಡಳು.

ಆರ್ಡಿಸ್ ವ್ಯಾನಿನೊಳಗೆ ಹೋಗಿ, ಮಡಿಸಿಟ್ಟ ಒಂದು ಹಸಿರು ಕ್ಯಾನ್ವಾಸ್ ಗಂಟನ್ನು ತಂದು ನಮ್ಮ ಮುಂದೆ ಹಾಕಿದಳು. ಬಿಡಿಸಿ ನೋಡಿದೆವು. ಮಾಡಿನ ಮೇಲಿನ ಸೌರಫಲಕಗಳಿಗೆ ಅಳತೆ ತೆಗೆದು ಹೊಲಿದ ಗವಸು. ಅಂಚಿಗೆ ಎರಡು ಸಾಲು ಹೊಲಿಗೆ, ಮೂಲೆಗೆ ತೊಗಲಿನ ತೇಪೆ, ಸುತ್ತ ಹಗ್ಗ ಪೋಣಿಸಲು ಹಿತ್ತಾಳೆಯ ಕಣ್ಣುಗಳು. ಆಲಿಕಲ್ಲು ಬಿದ್ದರೆ, ಧೂಳು ಕೂತರೆ ಎಂದು ಬೆಟ್ಟಕ್ಕೆ ಹೋಗುವ ಮುನ್ನ ಮೂರು ದಿನ ಕೂತು ಹೊಲಿದು, ತಾನೇ ಮಾಡು ಹತ್ತಿ ತೊಡಿಸಿ, ಬಿಗಿದು ಕಟ್ಟಿ ಹೋಗಿದ್ದಳು. ಬೆಳಕಿನ ಒಂದು ಎಳೆಯೂ ಒಳಗೆ ನುಸುಳುವಂತಿರಲಿಲ್ಲ. ಅಷ್ಟು ಒಳ್ಳೆಯ ಕೆಲಸ. ಇಡೀ ಕ್ಯಾಂಪಿಗೆ ಬಿಸಿಲುಮರೆ ಹೊಲಿದುಕೊಡುವವಳು ಬಿಸಿಲನ್ನೇ ಮರೆತಿದ್ದಳು.

"ಅಲ್ಲ ಕಣೇ," ಎಂದ ಬರ್ಲ್, ಗವಸಿನ ಒಂದು ಮೂಲೆ ಎತ್ತಿ ಹಿಡಿದು. "ಫಲಕಕ್ಕೆ ಅಂಗಿ ಹೊಲಿದ್ಯಾ? ಜೇಬು ಬೇರೆ ಇಟ್ಟಿದೀಯ."

"ಅದು ಕಟ್ಟೋ ಹಗ್ಗ ಇಡೋಕೆ."

"ಸರಿ ಬಿಡು. ಟೋಪಿ ಮಾತ್ರ ನೀನೇ ಹಾಕ್ಕೊಂಡೆ."

ಆರ್ಡಿಸ್ ಗವಸನ್ನು ಮತ್ತೆ ಮಡಿಸಿದಳು. ಮಡಿಕೆಗಳು ಸಮ ಬರಲಿಲ್ಲ. ಬಿಚ್ಚಿ ಮತ್ತೆ ಮಡಿಸಿದಳು.

ಟ್ವೈಲಾ ತನ್ನ ರೇಡಿಯೋದ ಪವರ್ ಸಪ್ಲೈ ಡಬ್ಬವನ್ನು ತಂದಳು. ಅದರಲ್ಲಿ ಎರಡು ತಿರುಪು. ಒಂದು ಎಷ್ಟು ಎತ್ತರದವರೆಗೆ ತುಂಬಬೇಕೆಂಬುದಕ್ಕೆ, ಇನ್ನೊಂದು ಎಷ್ಟು ವೇಗವಾಗಿ ತುಂಬಬೇಕೆಂಬುದಕ್ಕೆ. ಎರಡನೆಯದನ್ನು ಅವಳು ಅತ್ಯಂತ ಕೆಳಕ್ಕೆ ಇಳಿಸಿದಳು. ತನ್ನ ಟ್ರೇಲರಿನಿಂದ ಕರೆಂಟು ಎಳೆದು, ಸೆಲ್ಲುಗಳ ಜೋಡಣೆ ಬಿಚ್ಚಿ, ಒಂದೊಂದಕ್ಕೇ ಬೇರೆಬೇರೆಯಾಗಿ ಉಣಿಸುವುದು ಎಂದು ತೀರ್ಮಾನವಾಯಿತು. ಮೂರು ವೋಲ್ಟಿಗೆ ಬಂದ ಮೇಲೆ ತೆಗೆದು ಮಲಗಿಸಬೇಕು. ಮಲಗಿದ ಮೇಲೂ ಅಲ್ಲೇ ನಿಂತರೆ ಬದುಕಿದೆ ಎಂದರ್ಥ. ತಾನಾಗಿ ಜಾರಿದರೆ ಒಳಗೆ ಸೋರುತ್ತಿದೆ ಎಂದರ್ಥ.

"ಒಂದೇ ನಿಯಮ," ಎಂದಳು ಟ್ವೈಲಾ. "ಕರೆಂಟು ಹೋಗ್ತಿರುವಾಗ ಯಾರಾದ್ರೂ ಒಬ್ರು ಇಲ್ಲಿ ಕೂತಿರ್ಬೇಕು. ಬಿಸಿ ಆಯ್ತಾ, ಉಬ್ತಾ, ವಾಸನೆ ಬಂತಾ, ನೋಡ್ತಿರ್ಬೇಕು. ಎದ್ದು ಹೋಗೋ ಹಾಗಿಲ್ಲ."

"ಕೂತಿರ್ಬೇಕಾ?" ಎಂದಳು ಆರ್ಡಿಸ್, ಜೈಲಿಗೆ ಹೋಗಬೇಕಾ ಎಂಬ ಧಾಟಿಯಲ್ಲಿ.

ನಮ್ಮಲ್ಲಿ ಸಂಜೆ ನಾಲ್ಕಕ್ಕೆ ಅವರವರ ಕುರ್ಚಿ, ಅವರವರ ಲೋಟ ಹಿಡಿದು ಯಾರದಾದರೂ ಗಾಡಿಯ ಮುಂದೆ ವೃತ್ತ ಕಟ್ಟಿ ಕೂರುವ ರೂಢಿ ಇದೆ. ಆ ವಾರ ವೃತ್ತ ಬ್ಯಾಟರಿಯ ಸುತ್ತ ಸೇರಿತು. ಮಗು ಹುಟ್ಟಿದ ಮನೆಗೆ ಬಂದವರಂತೆ ಜನ ಬಗ್ಗಿ ಮೀಟರ್ ನೋಡಿ, ಮುಖ ಹಿಗ್ಗಿಸಿ, ಕೂರುತ್ತಿದ್ದರು. ಯಾರೋ ಜೋಳದ ಬ್ರೆಡ್ಡು ತಂದರು, ಯಾರೋ ಮೆಣಸಿನಕಾಯಿ ಹಾಕಿದ ಬೀನ್ಸು. ಆರ್ಡಿಸ್‌ಗೆ ಯಂತ್ರದ ಮುಂದಿನ ಸ್ಟೂಲು ಬಿಟ್ಟರೆ ಕುರ್ಚಿಯೇ ಇರಲಿಲ್ಲ. ಇಷ್ಟು ವರ್ಷದಲ್ಲಿ ಅದರ ಅಗತ್ಯ ಬಿದ್ದಿರಲಿಲ್ಲ. ನನ್ನದೊಂದು ಹಳೆಯದನ್ನು ಕೊಟ್ಟೆ. ಅವಳು ಕೂತಳು, ಎದ್ದಳು, ಮೀಟರ್ ನೋಡಿದಳು, ಕೂತಳು.

"ಏರ್ತಾ ಇದ್ಯಾ?"

"ಏರ್ತಾ ಇದೆ," ಎಂದಳು ಟ್ವೈಲಾ.

"ನನ್ನ ಕಣ್ಣಿಗೇನೂ ಕಾಣ್ತಿಲ್ಲ."

"ಗಿಡ ಬೆಳೆಯೋದು ಕಾಣುತ್ತಾ ನಿಂಗೆ?"

"ಅದಕ್ಕೇ ನಾನು ಗಿಡ ಸಾಕಿಲ್ಲ."

ಮೊದಲ ಸೆಲ್ಲು ಸಂಜೆಯೊಳಗೆ ಮೂರು ಮುಟ್ಟಿತು. ಮಂಗಳವಾರ ಇನ್ನೆರಡು ಮುಟ್ಟಿದವು. ಬುಧವಾರ ಬೆಳಿಗ್ಗೆ ನೋಡಿದರೆ ಮೂರೂ ಇಟ್ಟಲ್ಲೇ ಇದ್ದವು, ಕೂದಲೆಳೆಯಷ್ಟೂ ಜಾರಿರಲಿಲ್ಲ. ವಾಪಸು ಬಂದ ಮೇಲೆ ಆರ್ಡಿಸ್ ಅಂದು ಮೊದಲ ಬಾರಿ ತುಟಿಯ ಮೂಲೆಗೆ ಒಂದು ಗುಂಡುಸೂಜಿ ಸಿಕ್ಕಿಸಿಕೊಂಡಳು. ಉಳಿದದ್ದು ನಾಲ್ಕನೆಯದು. ಅದಕ್ಕೆ ಟ್ವೈಲಾ ಇನ್ನೂ ಸಣ್ಣ ಧಾರೆ ಇಟ್ಟಳು. ಅದು ಆಮೆಯ ಹಾಗೆ ಏರುತ್ತಿತ್ತು, ಎಲ್ಲೋ ಒಂದು ಕಡೆ ನಿಲ್ಲುತ್ತಿತ್ತು, ಮತ್ತೆ ಏರುತ್ತಿತ್ತು.

ಮಧ್ಯಾಹ್ನ ಟ್ವೈಲಾ ನೀರು ತುಂಬಿಸಿಕೊಂಡು ಬರಲು ಊರಿಗೆ ಹೋದಳು. ಕಾವಲಿಗೆ ಆರ್ಡಿಸ್ ಒಬ್ಬಳೇ. ನಾನು ನನ್ನ ಗಾಡಿಯಲ್ಲಿ ಪಾತ್ರೆ ತೊಳೆಯುತ್ತಾ ಕಿಟಕಿಯಿಂದ ನೋಡುತ್ತಿದ್ದೆ. ಅವಳು ಡಬ್ಬದ ಮುಂದೆ ಕುರ್ಚಿಯಲ್ಲೇ ಬಗ್ಗಿ ಕೂತು ಎರಡನೆಯ ತಿರುಪನ್ನು ದಿಟ್ಟಿಸುತ್ತಿದ್ದಳು. ಆಮೇಲೆ ಕೈ ಚಾಚಿ ಅದನ್ನು ತಿರುಗಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನಷ್ಟು. ನಾನು ಒದ್ದೆ ಕೈಯಲ್ಲೇ ಹೊರಗೆ ಬಂದೆ.

"ಆರ್ಡಿಸ್, ಟ್ವೈಲಾ ಏನಂದಿದ್ಲು?"

"ಅವಳು ದಿನಕ್ಕೊಂದು ಮಾತಾಡೋಳು ಹನಿ. ಅವಳ ಲೆಕ್ಕದಲ್ಲಿ ಹೋದ್ರೆ ಈಸ್ಟರ್‌ಗೆ ಮುಗಿಯುತ್ತೆ. ನೋಡು, ಈಗ ಹೇಗೆ ಓಡ್ತಿದೆ."

ನಿಜಕ್ಕೂ ಮೀಟರಿನ ಅಂಕಿ ಓಡುತ್ತಿತ್ತು. ನನಗೂ ಒಂದು ಕ್ಷಣ ಸಂತೋಷವಾಯಿತೆಂದು ಹೇಳಲೇಬೇಕು. ಅಂಕಿ ಏರುವುದನ್ನು ನೋಡಿ ಹಿಗ್ಗುವ ಬುದ್ಧಿ ನಮಗೆಲ್ಲ ಶಾಲೆಯಲ್ಲೇ ಅಂಟಿದೆ. ಇಬ್ಬರೂ ಮೀಟರಿನ ಮುಂದೆ ಕೂತೆವು. ಬಟ್ಟೆ ಕೊಳ್ಳುವ ಮುನ್ನ ಆರ್ಡಿಸ್ ಅದರ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಾಳೆ. ನೇಯ್ಗೆ ಎಲ್ಲಿ ಸಡಿಲವಿದೆ ಎಂದು ಅವಳ ಅಂಗೈ ಹೇಳುತ್ತದಂತೆ. ಹಾಗೆಯೇ ಆಗಾಗ ಸೆಲ್ಲಿನ ಬದಿಗೆ ಅಂಗೈ ಇಡುತ್ತಿದ್ದಳು. ಒಂದು ಸಲ ಇಟ್ಟವಳು ತೆಗೆಯಲಿಲ್ಲ. ಇನ್ನೊಂದು ಕೈಯನ್ನು ಪಕ್ಕದ ಸೆಲ್ಲಿನ ಮೇಲಿಟ್ಟಳು. ಎರಡನ್ನೂ ತೂಗಿ ನೋಡುವವಳಂತೆ ಕಣ್ಣು ಮುಚ್ಚಿದಳು.

"ಇದು ಬೆಚ್ಚಗಾಗ್ತಿದೆ," ಎಂದಳು.

ಮತ್ತೆ ಯಾರನ್ನೂ ಕೇಳಲಿಲ್ಲ. ತಿರುಪನ್ನು ಪೂರ್ತಿ ಇಳಿಸಿದಳು, ಕ್ಲಿಪ್ಪು ಕಳಚಿದಳು, ನನ್ನನ್ನು ದೂರ ಸರಿಸಿ ಮರಳಿನ ಬಕೆಟನ್ನು ಹತ್ತಿರ ಎಳೆದುಕೊಂಡು ನಿಂತಳು. ಬಹಳ ಹೊತ್ತು ನಿಂತಳು. ಮಂಡಿ ನೋಯುತ್ತಿದ್ದದ್ದು ಅವಳ ಮುಖದಲ್ಲಿ ಕಾಣುತ್ತಿತ್ತು. ಸೆಲ್ಲು ತಣ್ಣಗಾಯಿತು. ಉಬ್ಬಲಿಲ್ಲ.

ಟ್ವೈಲಾ ಬಂದು ಗಾಡಿಯಿಂದ ಇಳಿಯುವ ಮೊದಲೇ ಆರ್ಡಿಸ್ ಹೋಗಿ ಹೇಳಿದಳು. "ನಾನು ಜೋರು ಮಾಡ್ದೆ. ಬೆಚ್ಚಗಾಯ್ತು. ತೆಗೆದೆ. ಕೊಂದೆನಾ?"

ಟ್ವೈಲಾ ಬೈಯಬಹುದಿತ್ತು. ಆದರೆ ಅವಳ ನಿಧಾನಕ್ಕೆ ಬೈಗುಳ ಸಿದ್ಧವಾಗುವಷ್ಟರಲ್ಲಿ ಸಿಟ್ಟೇ ಇಳಿದುಹೋಗಿರುತ್ತದೆ. ಮೀಟರ್ ಹಿಡಿದು ನೋಡಿ, "ಗೊತ್ತಿಲ್ಲ," ಎಂದಳು. "ನಾಳೆ ಬೆಳಿಗ್ಗೆವರೆಗೆ ಮುಟ್ಟೋದು ಬೇಡ. ಆಮೇಲೆ ಮತ್ತೆ ಸಣ್ಣ ಧಾರೆ. ಸಣ್ಣ ಧಾರೆಗೂ ಬೆಚ್ಚಗಾದ್ರೆ ಅದನ್ನ ಊರಿಗೆ ತಗೊಂಡೋಗಿ ಕೊಡೋಣ. ಆಗ್ದಿದ್ರೆ..."

"ನೋಡೋಣ," ಎಂದಳು ಆರ್ಡಿಸ್.

ಗುರುವಾರ ಅವಳು ಕುರ್ಚಿಯಿಂದ ಏಳಲಿಲ್ಲ. ಅಂಗೈಯನ್ನು ಸೆಲ್ಲಿನ ಬದಿಗೆ ಇಟ್ಟುಕೊಂಡೇ ಕೂತಿದ್ದಳು, ಜ್ವರದ ಮಗುವಿನ ಹಣೆ ಮುಟ್ಟಿಕೊಂಡ ಹಾಗೆ. ಊಟ ತಂದುಕೊಟ್ಟೆ, ಕೂತೇ ಉಂಡಳು. ಬರ್ಲ್ ಇದನ್ನು ನೋಡಿ ತನ್ನ ಟೋಪಿ ತೆಗೆದು ಎದೆಯ ಮೇಲಿಟ್ಟುಕೊಂಡ. ಸೆಲ್ಲು ತಣ್ಣಗೇ ಇದ್ದು, ಮಧ್ಯಾಹ್ನದ ಹೊತ್ತಿಗೆ ಮೂರು ವೋಲ್ಟು ಮುಟ್ಟಿತು. ಟ್ವೈಲಾ ಅದನ್ನು ಕಳಚಿ ಮಲಗಿಸಿದಳು. ಸಂಜೆ ನೋಡಿದರೆ ಸ್ವಲ್ಪ ಜಾರಿತ್ತು. ರಾತ್ರಿ ಊಟದ ಹೊತ್ತಿಗೆ ಇನ್ನೂ ಒಂದಿಷ್ಟು.

"ಸೋರ್ತಿದ್ಯಾ?"

"ಸೋರ್ತಿರ್ಬೋದು. ಇಲ್ಲ, ಹಾಸಿಗೆ ಮೇಲೆ ಮಗ್ಗುಲು ಸರಿ ಮಾಡ್ಕೊಳ್ತಿರ್ಬೋದು. ಮಂಗಳವಾರದವರೆಗೆ ಬಿಟ್ರೆ ಗೊತ್ತಾಗುತ್ತೆ."

ಮಂಗಳವಾರಕ್ಕಿಂತ ಮೊದಲು ಶುಕ್ರವಾರ ಬರುತ್ತದೆ. ಬಂತು. ಬೆಳಿಗ್ಗೆ ಎದ್ದು ನೋಡಿದಾಗ ನಾಲ್ಕನೆಯದು ರಾತ್ರಿ ಇದ್ದಲ್ಲೇ ಇತ್ತು. ಹಾಗಂತ ಒಂದು ರಾತ್ರಿಯ ಮಾತನ್ನು ನಂಬುವಂತಿರಲಿಲ್ಲ. ಹತ್ತು ಗಂಟೆಯ ಸುಮಾರಿಗೆ ಫೋನು ಬಂದಾಗ ಆರ್ಡಿಸ್ ಅದನ್ನು ಎಲ್ಲರಿಗೂ ಕೇಳುವಂತೆ ಮಾಡಿ ಪೆಟ್ಟಿಗೆಯ ಮೇಲಿಟ್ಟಳು. ಗೋದಾಮಿನ ಹುಡುಗಿಯ ದನಿ ಐಸ್‌ಕ್ರೀಮಿನಷ್ಟು ಸಿಹಿಯಾಗಿತ್ತು.

"ಮಿಸ್ ಕ್ವಿಂಬಿ, ನಿಮ್ಮ ಜಾಗ ಹಿಡಿದಿಟ್ಟಿದೀವಿ. ಇವತ್ತು ಹೂಂ ಅಂದ್ರೆ ಸೋಮವಾರದಿಂದ ಕೆಲಸ. ನಿಂತು ಮಾಡೋ ಕೆಲಸ, ನಿಮಗೆ ಗೊತ್ತೇ ಇದೆ."

"ಗೊತ್ತು. ನನ್ನ ಮಂಡಿಗೂ ಗೊತ್ತು. ಮಂಗಳವಾರದವರೆಗೆ ಟೈಮ್ ಕೊಡ್ತೀರಾ?"

"ಅಯ್ಯೋ, ಕಷ್ಟ ಮೇಡಂ. ಏನಾಗಿದೆ? ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

"ಮನೆಗೇ ಹುಷಾರಿಲ್ಲ. ಮಲಗಿದೆ. ಸ್ವಲ್ಪ ಸುಧಾರಿಸ್ತಿದೆ."

ಹುಡುಗಿ ಕೀಬೋರ್ಡು ಕುಟ್ಟಿದ ಸದ್ದಾಯಿತು. "ನನಗೆ ಇವತ್ತೇ ಹೇಳ್ಬೇಕು ಮೇಡಂ. ನಿಮ್ಮ ಹಿಂದೆ ತುಂಬಾ ಜನ ಇದಾರೆ."

ಆರ್ಡಿಸ್ ನಾಲ್ಕನೆಯ ಸೆಲ್ಲಿನ ಮೇಲೆ ಅಂಗೈ ಇಟ್ಟಳು. ಟ್ವೈಲಾ ಹೌದು ಎಂದೂ ತಲೆಯಾಡಿಸಲಿಲ್ಲ, ಇಲ್ಲ ಎಂದೂ ಆಡಿಸಲಿಲ್ಲ. ಬರ್ಲ್ ಒಬ್ಬನೇ ಬಾಯಿಬಿಟ್ಟ. "ಹೂಂ ಅಂದ್ಬಿಡೇ. ಏಳದಿದ್ರೆ ಏನ್ಮಾಡ್ತೀಯ?"

"ಏಳದಿದ್ರೆ ಕೈಯಲ್ಲಿ ಹೊಲಿತೀನಿ," ಎಂದಳು ಆರ್ಡಿಸ್ ಅವನ ಕಡೆ ತಿರುಗಿ. "ದಿನಕ್ಕೊಂದು ಮೊಳ ಆಗುತ್ತೆ, ಆಗ್ಲಿ. ಅಂಗೈ ತೂತಾಗುತ್ತೆ, ಆಗ್ಲಿ. ಅಲ್ಲಿ ನಿಂತು ಮಂಡಿ ಕಳ್ಕೊಂಡಾಯ್ತು. ಇಲ್ಲಿ ಕೂತು ಏನು ಕಳ್ಕೊತೀನೋ ನೋಡೋಣ." ಆಮೇಲೆ ಫೋನಿಗೆ ಬಗ್ಗಿ ಮೆಲ್ಲಗೆ, "ಬೇರೆಯವರಿಗೆ ಕೊಡಮ್ಮ ಆ ಜಾಗ. ಒಳ್ಳೇ ಶೂ ಹಾಕ್ಕೊಂಡು ಬಾ ಅಂತ ಹೇಳು ಅವರಿಗೆ," ಎಂದಳು.

ಅವಳ ಹಳೆಯ ಆತುರವೇ ಇದನ್ನು ಮಾಡಿಸಿತೆಂದು ಬರ್ಲ್ ಈಗಲೂ ವಾದಿಸುತ್ತಾನೆ. ನಾನು ಒಪ್ಪುವುದಿಲ್ಲ. ಆ ಉತ್ತರ ಕೊಡಲು ಅವಳು ನಾಲ್ಕು ದಿನ ಕುರ್ಚಿಯಲ್ಲಿ ಕೂತಿದ್ದಳು. ಅಷ್ಟು ಕಾಲ ಅವಳು ಮದುವೆಗೂ ತೆಗೆದುಕೊಂಡಿರಲಿಲ್ಲ.

ಶನಿವಾರ ನಾಲ್ಕನೆಯ ಸೆಲ್ಲು ಇಟ್ಟಲ್ಲೇ ಇತ್ತು. ಭಾನುವಾರವೂ ಇತ್ತು. ಜನ ಮೀಟರ್ ನೋಡಲು ಬರುವುದನ್ನು ನಿಲ್ಲಿಸಿ ಸುಮ್ಮನೆ ಕೂರಲು ಬಂದರು. ಆರ್ಡಿಸ್ ತನ್ನ ಬಾಲ್ಯದ ಹಿಮದ ಕತೆ ಹೇಳಿದಳು. ಅವಳಿಗೆ ಬಾಲ್ಯವೂ ಇತ್ತೆಂದು ನಮಗೆ ಅಂದೇ ಗೊತ್ತಾದದ್ದು. ಮಂಗಳವಾರ ಟ್ವೈಲಾ ಮೀಟರಿನ ತಂತಿಮೊನೆಗಳನ್ನು ಎರಡು ಸಲ ಒರೆಸಿ ತಾಗಿಸಿ ನೋಡಿದಳು.

"ನಿಂತಿದೆ," ಎಂದಳು. "ಮೊದಲಿನ ಹಾಗೆ ಹಿಡಿಯಲ್ಲ ಇದು, ಅದನ್ನ ಮಾತ್ರ ನೆನಪಿಟ್ಕೋ. ಏಟು ತಿಂದಿರೋ ಸೆಲ್ಲು. ಅರ್ಧ ಹೊಟ್ಟೆ ತುಂಬಿದ್ರೂ ಸಾಕು ಅನ್ನುತ್ತೆ, ಎಲ್ಲಕ್ಕಿಂತ ಮೊದಲು ಸುಸ್ತಾಗುತ್ತೆ. ಉಳಿದ ಮೂರೂ ಇದರ ಹೆಜ್ಜೆಗೇ ನಡೀಬೇಕು. ಮತ್ತೆ ಪೆಟ್ಟಿಗೆ ಈ ಚಳಿಗಾಲ ಹೊರಗೇ ಇರ್ಲಿ, ನಿನ್ನ ಮಂಚದ ಕೆಳಗೆ ಬೇಡ. ಬೆಚ್ಚಗಾಯ್ತು ಅಂದ್ರೆ ಅವತ್ತಿಗೇ ಬಿಡ್ಬೇಕು."

ನಾಲ್ಕನ್ನೂ ಒಂದು ದಿನ ಅಕ್ಕಪಕ್ಕ ಕಟ್ಟಿ ಸಮ ಮಾಡಿ, ಮತ್ತೆ ಸಾಲಾಗಿ ಜೋಡಿಸಿ, ಕಾವಲು ಬೋರ್ಡಿಗೆ ತಂತಿ ಸಿಕ್ಕಿಸಿದರು. ಟ್ವೈಲಾ ತನ್ನ ಡಬ್ಬದಿಂದ ಕಾವಲುಗಾರನ ಬಾಗಿಲಿಗೆ ಕರೆಂಟಿನ ಒಂದು ಸಣ್ಣ ತಟ್ಟು ತಟ್ಟಿದಳು. ಹಸಿರು ದೀಪ ಹೊತ್ತಿತು. ಚಾರ್ಜರು ಬ್ಯಾಟರಿ ಇದೆ ಎಂದು ಒಪ್ಪಿಕೊಂಡಿತು. ಮಾಡಿನ ಮೇಲಿನ ಫಲಕಗಳಿಂದ ಬಿಸಿಲು ಇಳಿಯತೊಡಗಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆರ್ಡಿಸ್ ಮಾತ್ರ ವ್ಯಾನಿನೊಳಗೆ ಹೋಗಿ ಯಂತ್ರದ ಚಕ್ರಕ್ಕೆ ಎರಡು ಹನಿ ಎಣ್ಣೆ ಬಿಟ್ಟಳು.

ಎರಡು ದಿನ ತುಂಬಿಸಿದ ಮೇಲೆ ಮೊದಲ ಗಿರಾಕಿಯಾಗಿ ಬಂದವನು ಬರ್ಲ್. ಹೆಗಲ ಮೇಲೆ ಉದ್ದನೆಯ ಬಟ್ಟೆಯ ಸುರುಳಿ ಹೊತ್ತಿದ್ದ.

"ಏನಿದು, ಯಾರನ್ನ ಕೊಂದು ತಂದಿದೀಯ?"

"ನನ್ನ ಬಿಸಿಲುಮರೆ. ಹೋದ ವಾರದ ಗಾಳಿಗೆ ಹರೀತು."

ಬಿಡಿಸಿ ನೋಡಿದರೆ ಹರಿದದ್ದು ಹೋದ ವಾರವಲ್ಲ, ಹೋದ ವರ್ಷ. ಈ ತುದಿಯಿಂದ ಆ ತುದಿಗೆ ಬೆಳ್ಳಿ ಬಣ್ಣದ ಟೇಪು ಮೆತ್ತಿದ್ದ. ಆರ್ಡಿಸ್ ಅವನನ್ನೂ ಟೇಪನ್ನೂ ಒಮ್ಮೆ ನೋಡಿ, ಅದನ್ನು ಒಂದೇ ಎಳೆತಕ್ಕೆ ಕಿತ್ತಳು. ಬರ್ಲ್ ತನ್ನ ಚರ್ಮವೇ ಕಿತ್ತಂತೆ ಮುಖ ಮಾಡಿದ.

ಯಂತ್ರ ಹೊರಟಿತು. ವ್ಯಾನಿನ ತಗಡು ಸಣ್ಣಗೆ ನಡುಗಿತು. ಟ್ವೈಲಾ ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ನಾಲ್ಕನೆಯ ಸೆಲ್ಲನ್ನು ನೋಡುತ್ತಿದ್ದಳು. ಬಿಸಿಲು ನೆತ್ತಿಯ ಮೇಲಿರುವಷ್ಟು ಹೊತ್ತು ಅದು ಉಳಿದವುಗಳ ಜೊತೆಗೇ ನಡೆಯಿತು. ಬಿಸಿಲು ಬಾಗಿದಂತೆ ಮೆಲ್ಲಗೆ ಹಿಂದೆ ಬೀಳತೊಡಗಿತು. ಬಾಗಿಲಲ್ಲಿ ಅಷ್ಟರಲ್ಲಿ ಇನ್ನಿಬ್ಬರು ಹೆಂಗಸರು ಬಟ್ಟೆಯ ಸುರುಳಿ ಹಿಡಿದು ನಿಂತಿದ್ದರು.

"ಆರ್ಡಿಸ್," ಎಂದಳು ಟ್ವೈಲಾ, "ನಾಲ್ಕನೇದು ಸುಸ್ತಾಗ್ತಿದೆ."

ಆರ್ಡಿಸ್ ಪೆಡಲಿನಿಂದ ಪಾದ ತೆಗೆದಳು. ಯಂತ್ರ ನಿಂತಿತು. ಸೂಜಿ ಬಟ್ಟೆಯೊಳಗೇ ಇತ್ತು.

"ಅಯ್ಯೋ, ಇನ್ನೊಂದು ಗೇಣು ಅಷ್ಟೇ ಉಳಿದಿರೋದು," ಎಂದ ಬರ್ಲ್. "ಹೊಡೆದುಬಿಡೇ, ಒಂದ್ನಿಮಿಷ."

"ನಾಳೆ ಹತ್ತಕ್ಕೆ ಬಾ. ಬಿಸಿಲು ಏರಿರುತ್ತೆ."

"ರಾತ್ರಿ ಗಾಳಿ ಎದ್ರೆ?"

"ಸುರುಳಿ ಇಲ್ಲೇ ಇರುತ್ತಲ್ಲ, ಹಾರೋದೇನಿದೆ?" ಎಂದು ಆರ್ಡಿಸ್ ಇನ್ವರ್ಟರ್ ಆರಿಸಿದಳು. ಆಮೇಲೆ ಬಾಗಿಲಲ್ಲಿ ನಿಂತವರ ಸುರುಳಿಗಳ ಅಂಚು ಎಳೆದು ನೋಡಿ, "ನಿಂದು ನಾಳೆ ಮಧ್ಯಾಹ್ನ ಹಿಡೀತೀನಿ. ನಿಂದು ದೊಡ್ಡದು, ಎರಡು ದಿನದ ಬಿಸಿಲು ಬೇಕು. ಸೋಮವಾರ ಕೊಡ್ತೀನಿ, ಆಗ್ಬೋದಾ?" ಎಂದಳು.

ಆಗಬಹುದು ಎಂದರು ಇಬ್ಬರೂ.